ಎಲ್ಲೆ ಬರೆಯದ ದುಡಿಮೆ: ಮನೆಯಲ್ಲಿ ಕುಳಿತು ಜಾಲತಾಣ ಕಟ್ಟುವವರ ಬದುಕು



ಗೋದಾವರಿಯ ದಡದ ಈ ಪೈಠಣ ಕನ್ನಡಿಗರಿಗೆ ತೀರ ಪರಸ್ಥಳವಲ್ಲ. ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಮೇರೆಯನ್ನು ಹೇಳುವಾಗ ಹೆಸರಿಸುವುದು ಇದೇ ನದಿಯನ್ನು. ಸಾತವಾಹನರ ಕಾಲದಲ್ಲಿ ಪ್ರತಿಷ್ಠಾನವೆನಿಸಿದ್ದ ಈ ಊರಿನ ಹೆಸರನ್ನು ಹೊತ್ತ ತಾಮ್ರಪಟಗಳಿವೆ. ಅವು ರಾಷ್ಟ್ರಕೂಟ ಮೂರನೆಯ ಗೋವಿಂದನವು, ಕಾಲ ಕ್ರಿ.ಶ. 794. ಅಂಥ ದಾನಪತ್ರಗಳಲ್ಲಿ ಕೊಟ್ಟವರಾರು, ಪಡೆದವರಾರು, ಕೊಟ್ಟ ಭೂಮಿಯ ಎಲ್ಲೆ ಯಾವುದು, ಕೊಟ್ಟ ದಿನ ಯಾವುದು ಎಂಬುದನ್ನು ಲೋಹದ ಮೇಲೆ ಕೊರೆದಿಡುವುದು ರೂಢಿಯಾಗಿತ್ತು. ರಾಜನ ಮಾತಿಗೂ ಎಲ್ಲೆ ಬರೆದಿಡಬೇಕಾಗಿದ್ದ ಕಾಲವದು. ಇಂದು ಇದೇ ಊರಿನ ಒಂದು ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತ ತರುಣನೊಬ್ಬನು ಎರಡು ತಿಂಗಳ ಕೆಲಸವನ್ನು ಒಂದು ವಾಟ್ಸ್ಯಾಪ್ ಸಂದೇಶವನ್ನು ನಂಬಿ ಮಾಡಿಕೊಡುತ್ತಾನೆ. ಕೆಲಸವೆಷ್ಟು, ಎಂದು ಮುಗಿಯಬೇಕು, ಹಣ ಎಂದು ಬರುವುದು, ಮುಗಿದ ಕೆಲಸ ಯಾರ ಸ್ವತ್ತು, ಇವುಗಳಲ್ಲಿ ಒಂದೂ ಬರೆದಿರುವುದಿಲ್ಲ. ಅವನ ಕಷ್ಟಗಳ ಬೇರು ಇರುವುದು ಇಲ್ಲಿ. ಇಂದಿನ ಉಪನ್ಯಾಸದ ವಿಷಯವೂ ಇದೇ.

ಶ್ರೀ ಮುನಿಸುವ್ರತನಾಥರ ದರ್ಶನಕ್ಕೆ ಪೈಠಣಕ್ಕೆ ಬಂದವರು ಮರಳುವ ಮುನ್ನ ಪೈಠಣಿ ಸೀರೆಯ ಮಗ್ಗವನ್ನೂ ನೋಡಿ ಹೋಗುವುದುಂಟು. ಸೆರಗಿನ ನವಿಲಿಗಾಗಲಿ, ಅಂಚಿನ ಹೂಬಳ್ಳಿಗಾಗಲಿ ಅಲ್ಲಿ ಪ್ರತಿಯೊಂದು ಬಣ್ಣದ ನೂಲನ್ನೂ ಬೇರೆ ಬೇರೆ ಕಂಡಿಕೆಯಿಂದ ಕೈಯಲ್ಲಿಯೇ ಹೆಣೆಯುತ್ತಾರೆ. ಮುಂಭಾಗದಷ್ಟೇ ಹಿಂಭಾಗವೂ ಅಚ್ಚುಕಟ್ಟಾಗಿರುವುದು ಆ ನೇಯ್ಗೆಯ ಹೆಗ್ಗಳಿಕೆ. ವಿನ್ಯಾಸ ತುಂಬಿದಂತೆಲ್ಲ ಒಂದು ಸೀರೆಗೆ ತಿಂಗಳುಗಳೇ ಹಿಡಿಯುತ್ತವೆ. ಜಾಲತಾಣ ಕಟ್ಟುವವನ ಕೆಲಸವೂ ಹೀಗೆಯೇ. ನೋಡುವವರಿಗೆ ಕಾಣುವುದು ಒಂದು ಪುಟ, ಒಂದು ಚಿತ್ರ, ಒಂದು ಗುಂಡಿ ಮಾತ್ರ. ಅದರ ಹಿಂದೆ ಮೊಬೈಲಿನ ಚಿಕ್ಕ ಪರದೆಗೂ ಕಚೇರಿಯ ದೊಡ್ಡ ಪರದೆಗೂ ಹೊಂದುವಂತೆ ಬರೆದ ಕೋಡ್ ಇರುತ್ತದೆ, ಹಣ ಪಾವತಿಯ ಜೋಡಣೆ ಇರುತ್ತದೆ, ಕಳ್ಳರು ಒಳನುಗ್ಗದಂತೆ ಹಾಕಿದ ಬೀಗವಿರುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ನೇಯ್ದು ಮುಗಿದ ಸೀರೆಗೆ ಇನ್ನೆರಡು ನವಿಲು ಸೇರಿಸಿಕೊಡು ಎಂದು ಯಾರೂ ಕೇಳುವುದಿಲ್ಲ. ಮುಗಿದ ಜಾಲತಾಣಕ್ಕೆ ಇನ್ನೆರಡು ಪುಟ ಸೇರಿಸಿಕೊಡು ಎಂದು ಕೇಳದ ಗಿರಾಕಿ ಅಪರೂಪ.

ಫ್ರೀಲಾನ್ಸ್ ಎಂಬ ಪದವನ್ನು ಬಳಕೆಗೆ ತಂದ ಕೃತಿಗಳಲ್ಲಿ ಮುಖ್ಯವಾದುದು ವಾಲ್ಟರ್ ಸ್ಕಾಟನ 1819ರ ಕಾದಂಬರಿ ‘ಐವನ್‌ಹೋ’. ಅಲ್ಲಿ ಅದು ಯಾವ ಒಡೆಯನಿಗೂ ಕಟ್ಟುಬೀಳದೆ, ಹಣ ಕೊಟ್ಟವರ ಪರವಾಗಿ ಈಟಿ ಹಿಡಿಯುವ ಯೋಧರನ್ನು ಸೂಚಿಸುತ್ತದೆ. ಇಂದು ಈಟಿಯ ಸ್ಥಾನದಲ್ಲಿ ಕೀಬೋರ್ಡ್ ಇದೆ. ಒಡೆಯನಿಲ್ಲ ಎಂಬ ಸ್ವಾತಂತ್ರ್ಯವೂ, ಒಡೆಯನಿಲ್ಲದ ಕಾರಣ ಕಾಯುವವರಾರೂ ಇಲ್ಲವೆಂಬ ಅಪಾಯವೂ ಹಾಗೆಯೇ ಉಳಿದಿವೆ. ಟಿಮ್ ಬರ್ನರ್ಸ್-ಲೀ 1989ರಲ್ಲಿ ರೂಪಿಸಿದ ವೆಬ್ ತಂತ್ರವನ್ನು ಸೆರ್ನ್ ಸಂಸ್ಥೆಯು 1993ರ ಏಪ್ರಿಲ್ 30ರಂದು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. 2003ರಲ್ಲಿ ವರ್ಡ್‌ಪ್ರೆಸ್ ಬಂದ ಮೇಲೆ ಸಣ್ಣ ಊರಿನ ಒಬ್ಬನೇ ವ್ಯಕ್ತಿ ಮನೆಯಲ್ಲಿ ಕುಳಿತು ಸಂಪೂರ್ಣ ಜಾಲತಾಣ ಕಟ್ಟಿಕೊಡುವುದು ಸಾಧ್ಯವಾಯಿತು. ಹೀಗೆ ಈ ವೃತ್ತಿಯ ವಯಸ್ಸು ಒಂದು ತಲೆಮಾರಿನಷ್ಟೇ. ತಂದೆಯಿಂದ ಮಗನಿಗೆ ಬರುವ ವ್ಯವಹಾರದ ಬುದ್ಧಿ ಇನ್ನೂ ಇದರಲ್ಲಿ ಬೆಳೆದಿಲ್ಲ.

ಪೈಠಣದಲ್ಲಿ ಇಂಥ ಕೆಲಸಕ್ಕೆ ಬರವೇನೂ ಇಲ್ಲ. ಸುಮಾರು 50 ಕಿಲೋಮೀಟರ್ ದೂರದ ಛತ್ರಪತಿ ಸಂಭಾಜಿನಗರದ ಸುತ್ತ ವಾಳೂಜ್, ಚಿಕಲಠಾಣಾ, ಶೇಂದ್ರಾ ಕೈಗಾರಿಕಾ ವಸಾಹತುಗಳಿವೆ. ಹೊಸ ಬಿಡ್ಕಿನ್ ಕೈಗಾರಿಕಾ ಪ್ರದೇಶವಂತೂ ಪೈಠಣ ತಾಲೂಕಿನಲ್ಲಿಯೇ ಇದೆ. ವಾಹನದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗೂ ಈಗ ಜಾಲತಾಣ ಬೇಕು. ನಾಶಿಕ್ ಕಡೆಯ ದ್ರಾಕ್ಷಿ ವ್ಯಾಪಾರಿಗೆ, ಯೇವಲೆಯ ಸೀರೆ ಅಂಗಡಿಗೆ, 2027ರ ಸಿಂಹಸ್ಥ ಕುಂಭಮೇಳಕ್ಕೆ ಸಿದ್ಧವಾಗುತ್ತಿರುವ ವಸತಿಗೃಹಕ್ಕೆ, ಎಲ್ಲರಿಗೂ ಬೇಕು. 2023ರಲ್ಲಿ ಔರಂಗಾಬಾದ್ ಎಂಬ ಹೆಸರು ಅಧಿಕೃತವಾಗಿ ಬದಲಾದಾಗ ಲೆಟರ್‌ಹೆಡ್ ಮತ್ತು ಇನ್‌ವಾಯ್ಸ್‌ಗಳ ಜೊತೆಗೆ ಜಾಲತಾಣಗಳ ವಿಳಾಸದ ಪುಟಗಳನ್ನೂ ತಿದ್ದಬೇಕಾಯಿತು. ಒಂದು ಹೆಸರು ತಿದ್ದಲು ಎಷ್ಟು ಹೊತ್ತು ಬೇಕು ಎಂದು ಕೇಳುವುದು ಸುಲಭ. ಆದರೆ ಹೆಸರು ಇರುವುದು ಒಂದೇ ಕಡೆಯಲ್ಲ. ನಕಾಶೆ, ಅರ್ಜಿ ನಮೂನೆ, ರಸೀದಿ, ಹುಡುಕುಯಂತ್ರಕ್ಕೆ ಕೊಟ್ಟ ವಿವರ, ಹಳೆಯ ಕಡತ, ಎಲ್ಲೆಡೆಯೂ ಅದನ್ನು ಹುಡುಕಿ ತಿದ್ದಬೇಕು. ಈ ಬಗೆಯ ‘ಸಣ್ಣ ಕೆಲಸ’ಗಳಲ್ಲಿಯೇ ಫ್ರೀಲಾನ್ಸ್ ದುಡಿಮೆಗಾರನ ವರ್ಷದ ದೊಡ್ಡ ಪಾಲು ಕರಗಿಹೋಗುತ್ತದೆ.

ಅವನ ದಿನಚರಿಯನ್ನು ಗಮನಿಸಬಹುದು. ಬೆಳಗ್ಗೆ ಹಳೆಯ ಗಿರಾಕಿಯ ಜಾಲತಾಣ ತೆರೆಯುತ್ತಿಲ್ಲವೆಂಬ ಕರೆ. ಮಧ್ಯಾಹ್ನ ಹೊಸ ಗಿರಾಕಿಗೆ ಅಂದಾಜು ಪಟ್ಟಿ. ನಡುವೆ ಯಾರೋ ಕಳಿಸಿದ ಮಬ್ಬು ಚಿತ್ರಗಳನ್ನು ಸರಿಪಡಿಸುವುದು, ನುಡಿಯ ಹಳೆಯ ಅಕ್ಷರದಲ್ಲಿ ಟೈಪು ಮಾಡಿದ ಕನ್ನಡ ಬರಹವನ್ನು ಯೂನಿಕೋಡಿಗೆ ತಂದು ಒತ್ತಕ್ಷರ ತಿದ್ದುವುದು. ಗಿರಾಕಿ ಅಮೆರಿಕದ ಪೂರ್ವ ತೀರದವನಾಗಿದ್ದರೆ, ಅಲ್ಲಿಯ ಗಡಿಯಾರ ಭಾರತಕ್ಕಿಂತ ಒಂಬತ್ತೂವರೆ ಅಥವಾ ಹತ್ತೂವರೆ ತಾಸು ಹಿಂದೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಯಲ್ಲಿ ಎಲ್ಲರೂ ಮಲಗಲು ಅಣಿಯಾಗುವ ಹೊತ್ತಿಗೆ ಅವನ ಎರಡನೆಯ ದಿನ ಆರಂಭವಾಗುತ್ತದೆ. ಕತ್ತು, ಕಣ್ಣು, ನಿದ್ರೆ ಮೂರೂ ಸವೆಯುತ್ತವೆ. ಮನೆಯವರಿಗೆ ಕಾಣುವುದು ಮಾತ್ರ ‘ಹುಡುಗ ಇಡೀ ದಿನ ಮನೆಯಲ್ಲಿಯೇ ಇರುತ್ತಾನೆ’ ಎಂಬುದು.

ಈಗ ಲೆಕ್ಕಕ್ಕೆ ಬರಬಹುದು. ಇದು ಒಂದು ಉದಾಹರಣೆಯ ಲೆಕ್ಕ. ಅಂಕಿಗಳನ್ನು ಅವರವರ ಮನೆಗೆ ತಕ್ಕಂತೆ ಬದಲಿಸಿಕೊಳ್ಳಬೇಕು. ವರ್ಷದ 365 ದಿನಗಳಲ್ಲಿ ಭಾನುವಾರ, ಹಬ್ಬ, ಕಾಯಿಲೆ, ಮನೆಯ ಕಾರ್ಯಗಳಿಗೆ 85 ದಿನ ಬಿಟ್ಟರೆ ಉಳಿಯುವುದು 280. ದಿನಕ್ಕೆ ಎಂಟು ತಾಸಿನಂತೆ 2,240 ತಾಸು. ಆದರೆ ಗಿರಾಕಿಯನ್ನು ಹುಡುಕುವುದು, ಮಾತುಕತೆ, ಲೆಕ್ಕಪತ್ರ, ಹೊಸದನ್ನು ಕಲಿಯುವುದು, ಇವುಗಳಿಗೆ ಯಾರೂ ಹಣ ಕೊಡುವುದಿಲ್ಲ. ಹಣ ಬರುವ ತಾಸುಗಳು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, 1,200 ಎನ್ನಬಹುದು. ಇನ್ನು ಖರ್ಚು. ಮನೆಗೆ ತಿಂಗಳಿಗೆ 35,000 ರೂಪಾಯಿಯಂತೆ 4,20,000. ಮೂರು ವರ್ಷಕ್ಕೊಮ್ಮೆ ಬದಲಿಸುವ 90,000 ರೂಪಾಯಿಯ ಲ್ಯಾಪ್‌ಟಾಪಿಗೆ ವರ್ಷಕ್ಕೆ 30,000. ಇಂಟರ್‌ನೆಟ್ ಮತ್ತು ಇನ್ವರ್ಟರಿಗೆ 30,000. ಸಾಫ್ಟ್‌ವೇರ್ ಚಂದಾಗಳಿಗೆ 40,000. ಆರೋಗ್ಯ ವಿಮೆಗೆ 25,000. ವೃದ್ಧಾಪ್ಯದ ಉಳಿತಾಯಕ್ಕೆ ತಿಂಗಳಿಗೆ 10,000ದಂತೆ 1,20,000. ಕೆಲಸವಿಲ್ಲದ ತಿಂಗಳಿಗೆಂದು 55,000. ಒಟ್ಟು 7,20,000. ಇದನ್ನು 1,200ರಿಂದ ಭಾಗಿಸಿದರೆ ತಾಸಿಗೆ 600 ರೂಪಾಯಿ.

ಇದು ಲಾಭದ ದರವಲ್ಲ, ಬದುಕುವ ದರ. 60 ತಾಸಿನ ಜಾಲತಾಣಕ್ಕೆ 36,000 ರೂಪಾಯಿ ಕೇಳಿದರೆ ಅದು ದುರಾಸೆಯಲ್ಲ. ‘ಯಾರೋ 8,000ಕ್ಕೆ ಮಾಡಿಕೊಡುತ್ತಾರಂತೆ’ ಎನ್ನುವವರು ತಾಸಿಗೆ 133 ರೂಪಾಯಿ ಕೊಡುತ್ತೇವೆಂದು ಹೇಳುತ್ತಿದ್ದಾರೆ. ಇನ್ನೂ ಸೂಕ್ಷ್ಮವಾದ ನಷ್ಟ ಬೇರೆಯದು. 36,000ಕ್ಕೆ ಒಪ್ಪಿದ ಗಿರಾಕಿಯೇ ‘ಇದೊಂದು ಬದಲಾವಣೆ, ಅದೊಂದು ಪುಟ’ ಎನ್ನುತ್ತ 40 ತಾಸು ಹೆಚ್ಚು ಕೆಲಸ ಮಾಡಿಸಿಕೊಂಡನೆಂದು ಭಾವಿಸಬೇಕು. ಆಗ 100 ತಾಸಿಗೆ 36,000; ದರ 360ಕ್ಕೆ ಇಳಿಯಿತು. ಚೌಕಾಸಿ ಮಾಡದೆಯೇ ದುಡಿಮೆಯ ನೂರರಲ್ಲಿ ನಲವತ್ತು ಪಾಲು ಕಳೆದುಹೋಯಿತು. ಇಲ್ಲಿ ಗಿರಾಕಿ ಕೆಟ್ಟವನಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಅವನಿಗೆ ಯಾರೂ ಬರೆದುಕೊಟ್ಟಿರಲಿಲ್ಲ, ಅಷ್ಟೇ. ವೇದಿಕೆಗಳ ಮೂಲಕ ಕೆಲಸ ಹಿಡಿಯುವವರು ಮತ್ತೊಂದು ಕಡಿತವನ್ನೂ ಲೆಕ್ಕಕ್ಕೆ ತರಬೇಕು. ಫೈವರ್ ವೇದಿಕೆಯು ದುಡಿಯುವವನ ಗಳಿಕೆಯಲ್ಲಿ ಶೇ. 20ರಷ್ಟನ್ನು ತಾನು ಹಿಡಿದುಕೊಳ್ಳುತ್ತದೆ.

ಮುಂದಿನ ಎಲ್ಲೆ ಹಣ ಬರುವ ದಿನದ್ದು. ಈ ವಿಷಯದಲ್ಲಿ ಕಾನೂನು ದುಡಿಯುವವನ ಕಡೆಗಿದೆ. ಅದನ್ನು ಅವನೇ ತಿಳಿದಿಲ್ಲ. ಉದ್ಯಮ್ ನೋಂದಣಿಯು ಆಧಾರ್ ಮತ್ತು ಪ್ಯಾನ್ ಆಧಾರದ ಮೇಲೆ ಉಚಿತವಾಗಿ ದೊರೆಯುತ್ತದೆ. ಒಬ್ಬನೇ ನಡೆಸುವ ಸೇವಾ ಉದ್ಯಮಕ್ಕೂ ಅದು ಲಭ್ಯ. ಹೀಗೆ ನೋಂದಾಯಿತನಾದವನಿಗೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 15ನೆಯ ವಿಧಿಯ ರಕ್ಷಣೆಯಿದೆ. ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಹಣ ಕೊಡಬೇಕು. ಒಪ್ಪಂದದಲ್ಲಿ ಎಷ್ಟೇ ದಿನ ಬರೆದಿದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ ಅವಧಿ 15 ದಿನ. ತಪ್ಪಿದರೆ 16ನೆಯ ವಿಧಿಯಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ದೂರನ್ನು ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್ ಮುಂದೆ ಒಯ್ಯಬಹುದು. ಇದಲ್ಲದೆ 2024-25ರ ತೆರಿಗೆ ನಿರ್ಧಾರಣಾ ವರ್ಷದಿಂದ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಅವಧಿಯೊಳಗೆ ಹಣ ಕೊಡದ ವ್ಯಾಪಾರಿಗೆ ಆ ಖರ್ಚನ್ನು ಕೊಟ್ಟ ವರ್ಷದಲ್ಲಿ ಮಾತ್ರ ತನ್ನ ಆದಾಯದಿಂದ ಕಳೆಯಲು ಅವಕಾಶ. ಮಾರ್ಚ್ ತಿಂಗಳಲ್ಲಿ ಬಾಕಿಯನ್ನು ನೆನಪಿಸುವ ಒಂದು ವಿನಯದ ಪತ್ರದಲ್ಲಿ ಉದ್ಯಮ್ ಸಂಖ್ಯೆಯನ್ನು ನಮೂದಿಸಿದರೆ ಸಾಕು, ಗಿರಾಕಿಯ ಲೆಕ್ಕಪರಿಶೋಧಕನೇ ಮುಂದಿನ ಮಾತನ್ನು ಆಡುತ್ತಾನೆ. ಆದರೆ ನೋಂದಣಿಯನ್ನು ಕೆಲಸ ಆರಂಭಿಸುವ ಮೊದಲೇ ಮಾಡಿಸಿರಬೇಕು. ಹಣ ಸಿಕ್ಕಿಬಿದ್ದ ಮೇಲೆ ಓಡಿದರೆ ವಾದಕ್ಕೆ ಎಡೆಯಾಗುತ್ತದೆ.

ಮೂರನೆಯ ಎಲ್ಲೆ ಒಡೆತನದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯು ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿನಲ್ಲಿಯೇ ಇರಿಸುತ್ತದೆ. ನೌಕರನು ಉದ್ಯೋಗದ ಭಾಗವಾಗಿ ಬರೆದದ್ದು ಮಾಲೀಕನಿಗೆ ಸೇರುತ್ತದೆ. ಫ್ರೀಲಾನ್ಸ್ ದುಡಿಮೆಗಾರ ನೌಕರನಲ್ಲ. ಆದುದರಿಂದ ಬೇರೆ ಒಪ್ಪಂದವಿಲ್ಲದಿದ್ದರೆ ಸಾಮಾನ್ಯವಾಗಿ ಅವನು ಬರೆದ ಕೋಡಿನ ಮೊದಲ ಒಡೆಯ ಅವನೇ. ಹಕ್ಕನ್ನು ವರ್ಗಾಯಿಸಬೇಕಾದರೆ ಸಹಿ ಇರುವ ಬರಹ ಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ ಕಾಯ್ದೆಯು ಐದು ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರವೆಂದೂ ಭಾವಿಸುತ್ತದೆ. ‘ಹಣ ಕೊಟ್ಟಿದ್ದೇನೆ, ಎಲ್ಲವೂ ನನ್ನದೇ’ ಎನ್ನುವ ಗಿರಾಕಿಗೂ ‘ನಾನು ಬರೆದೆ, ಎಲ್ಲವೂ ನನ್ನದೇ’ ಎನ್ನುವ ದುಡಿಮೆಗಾರನಿಗೂ ಇಲ್ಲಿ ಸಮಾನವಾದ ಎಚ್ಚರಿಕೆಯಿದೆ.

ದುಡಿಯುವವನಿಗೂ ಕರ್ತವ್ಯವುಂಟು. ಗಿರಾಕಿಯ ಡೊಮೇನ್ ಹೆಸರನ್ನು ತನ್ನ ಹೆಸರಿನಲ್ಲಿ ಕೊಂಡುಕೊಂಡು, ಮುನಿಸು ಬಂದಾಗ ಅದನ್ನೇ ಕೀಲಿಕೈಯಾಗಿ ಬಳಸುವವರಿದ್ದಾರೆ. ಅದು ಬಾಡಿಗೆದಾರನ ಮನೆಯ ಬಾಗಿಲಿಗೆ ಬೀಗ ಹಾಕಿದಂತೆ. ಡೊಮೇನ್ ಗಿರಾಕಿಯ ಹೆಸರಿನಲ್ಲಿಯೇ, ಗಿರಾಕಿಯ ಇಮೇಲಿನಲ್ಲಿಯೇ ಇರಬೇಕು. ನವೀಕರಣದ ದಿನಾಂಕ ಇಬ್ಬರಿಗೂ ತಿಳಿದಿರಬೇಕು. ನವೀಕರಿಸದೆ ಬಿಟ್ಟ ಹೆಸರನ್ನು ಬೇರೆ ಯಾರೋ ಕೊಂಡು ಅಲ್ಲಿ ಜೂಜಿನ ಜಾಹೀರಾತು ಹಾಕುವುದು ಜಾಲದಲ್ಲಿ ಹೊಸತಲ್ಲ. ಸಂಸ್ಥೆಯೊಂದರ ಹಳೆಯ ವಿಳಾಸವನ್ನು ಒತ್ತಿದ ಭಕ್ತರಿಗೆ ಅಂಥ ಪುಟ ತೆರೆದುಕೊಂಡರೆ ನಷ್ಟ ಹಣದ್ದಷ್ಟೇ ಅಲ್ಲ. ಹಾಗೆಯೇ, ಪರವಾನಗಿಯಿಲ್ಲದ ಕದ್ದ ಥೀಮ್ ಹಾಕಿ, ಯಾರದೋ ಚಿತ್ರವನ್ನು ಗೂಗಲ್‌ನಿಂದ ಎತ್ತಿ ಅಂಟಿಸಿ, ಅದಕ್ಕೆ ಬೆಲೆ ಪಡೆಯುವುದು ಕಳವೇ. ಮಾಡದ ತಾಸನ್ನು ಬಿಲ್ಲಿನಲ್ಲಿ ಸೇರಿಸುವುದು ತೂಕದಲ್ಲಿ ಮೋಸ ಮಾಡಿದಂತೆಯೇ.

ತೆರಿಗೆಯ ಮಾತಿಗೆ ಅನೇಕ ತರುಣರು ಹೆದರುತ್ತಾರೆ. ಹೆದರಬೇಕಾದದ್ದು ಕಡಿಮೆ. ಮಾಹಿತಿ ತಂತ್ರಜ್ಞಾನದ ವೃತ್ತಿಯು ಆದಾಯ ತೆರಿಗೆ ಕಾಯ್ದೆಯಲ್ಲಿ ಅಧಿಸೂಚಿತ ವೃತ್ತಿಗಳಲ್ಲಿ ಒಂದು. 1961ರ ಕಾಯ್ದೆಯ 44ಎಡಿಎ ವಿಧಿಯಂತೆ ವರ್ಷದ ವೃತ್ತಿ ಜಮೆ 50 ಲಕ್ಷದೊಳಗಿದ್ದರೆ (ನಗದು ಜಮೆ ಶೇ. 5ನ್ನು ಮೀರದಿದ್ದರೆ 75 ಲಕ್ಷದೊಳಗೆ) ಜಮೆಯ ಅರ್ಧವನ್ನು ಆದಾಯವೆಂದು ತೋರಿಸಬಹುದು, ಸವಿಸ್ತಾರವಾದ ಲೆಕ್ಕಪುಸ್ತಕ ಬೇಕಿಲ್ಲ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಕಾಯ್ದೆಯಲ್ಲಿ ವಿಧಿಯ ಸಂಖ್ಯೆ ಬದಲಾದರೂ ಅಂದಾಜು ಆದಾಯದ ಈ ಕ್ರಮ ಉಳಿದಿದೆ. ಹಿಂದಿನ ಉದಾಹರಣೆಯ 7,20,000 ರೂಪಾಯಿ ಜಮೆಗೆ ಆದಾಯ 3,60,000. 2025-26ರ ಹಣಕಾಸು ವರ್ಷದ ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಆದರೆ ಕಂಪನಿ ಗಿರಾಕಿಗಳು ವೃತ್ತಿಪರ ಸೇವೆಯೆಂದು ಶೇ. 10ರಷ್ಟು ಟಿಡಿಎಸ್ ಹಿಡಿದಿರುತ್ತಾರೆ. 5 ಲಕ್ಷದ ಮೇಲೆ ಹಿಡಿದಿದ್ದರೆ 50,000 ರೂಪಾಯಿ ಸರ್ಕಾರದ ಬಳಿ ಕುಳಿತಿದೆ. ರಿಟರ್ನ್ ಸಲ್ಲಿಸಿದವನಿಗೆ ಅದು ಬಡ್ಡಿಸಹಿತ ಮರಳುತ್ತದೆ. ‘ತೆರಿಗೆ ಕಟ್ಟುವಷ್ಟು ಗಳಿಕೆಯಿಲ್ಲ’ ಎಂದು ಸುಮ್ಮನಿದ್ದವನು ತನ್ನ ಒಂದೂವರೆ ತಿಂಗಳ ಮನೆಖರ್ಚಿಗೆ ಹತ್ತಿರವಾದ ಹಣವನ್ನು ಬಿಟ್ಟುಬಿಡುತ್ತಾನೆ. ತೆರಿಗೆ ಕಟ್ಟಬೇಕಾದವರು ಈ ಕ್ರಮದಲ್ಲಿ ಮುಂಗಡ ತೆರಿಗೆಯನ್ನು ನಾಲ್ಕು ಕಂತಿನ ಬದಲು ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಬಹುದು.

ಜಿಎಸ್‌ಟಿಯ ವಿಷಯದಲ್ಲಿ ಮಹಾರಾಷ್ಟ್ರ, ಕರ್ನಾಟಕಗಳೆರಡರಲ್ಲೂ ಸೇವೆ ಒದಗಿಸುವವರಿಗೆ ವರ್ಷಕ್ಕೆ 20 ಲಕ್ಷದ ವಹಿವಾಟು ಮೀರುವವರೆಗೆ ನೋಂದಣಿ ಕಡ್ಡಾಯವಲ್ಲ. ಪೈಠಣದಲ್ಲಿದ್ದು ಬೆಳಗಾವಿಯ ಗಿರಾಕಿಗೆ ಕೆಲಸ ಮಾಡಿದ ಮಾತ್ರಕ್ಕೂ ಆ ವಿನಾಯಿತಿ ಹೋಗುವುದಿಲ್ಲ. ನೋಂದಾಯಿತರಾದವರು ವಿದೇಶಿ ಗಿರಾಕಿಗೆ ಮಾಡುವ ಕೆಲಸವು, ಹಣ ವಿದೇಶಿ ವಿನಿಮಯದಲ್ಲಿ ಬಂದು ಇತರ ಷರತ್ತುಗಳು ಪೂರೈಸಿದರೆ, ಸೇವಾ ರಫ್ತು ಎನಿಸುತ್ತದೆ. ಅದರ ತೆರಿಗೆ ದರ ಶೂನ್ಯ. ಪ್ರತಿ ವರ್ಷ ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಸಲ್ಲಿಸಿದರೆ ಮೊದಲು ತೆರಿಗೆ ಕಟ್ಟಿ ಆಮೇಲೆ ಕೇಳಿ ಪಡೆಯುವ ತೊಂದರೆಯೂ ತಪ್ಪುತ್ತದೆ. ಹಣ ಹೊರಗಿನಿಂದ ಬಂದುದಕ್ಕೆ ಬ್ಯಾಂಕಿನ ದಾಖಲೆಯನ್ನು ತಪ್ಪದೆ ಇಟ್ಟುಕೊಳ್ಳಬೇಕು.

ಇಷ್ಟು ವೈಯಕ್ತಿಕ ಎಚ್ಚರಿಕೆಯ ಮಾತಾಯಿತು. ರಾಜ್ಯದ ಹೊಣೆಯನ್ನೂ ಕೇಳಬೇಕಾಗಿದೆ. ನೀತಿ ಆಯೋಗವು 2022ರಲ್ಲಿ ಪ್ರಕಟಿಸಿದ ವರದಿಯು ದೇಶದಲ್ಲಿ 2020-21ರಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರೆಂದೂ, 2029-30ರ ವೇಳೆಗೆ ಆ ಸಂಖ್ಯೆ 2.35 ಕೋಟಿಗೆ ಏರಬಹುದೆಂದೂ ಅಂದಾಜಿಸಿತು. ರಾಜಸ್ಥಾನವು 2023ರಲ್ಲಿ, ಕರ್ನಾಟಕವು 2025ರಲ್ಲಿ ವೇದಿಕೆ ಆಧಾರಿತ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ಮಾಡಿದವು. ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಊಟ ತಲುಪಿಸುವ, ಟ್ಯಾಕ್ಸಿ ಓಡಿಸುವ ಬಂಧುಗಳಿಗೆ ಇದರಿಂದ ನೆರವಾದರೆ ಸಂತೋಷವೇ. ಆದರೆ ಈ ವ್ಯವಸ್ಥೆಯ ತಿರುಳು, ನಡುವೆ ನಿಂತ ಕಂಪನಿಯಿಂದ ನಿಧಿಗೆ ಹಣ ವಸೂಲು ಮಾಡುವುದು. ನೇರವಾಗಿ ಗಿರಾಕಿಗೆ ದುಡಿಯುವವನ ನಡುವೆ ಕಂಪನಿಯೇ ಇಲ್ಲ. ಅವನ ಹೆಸರಿನಲ್ಲಿ ಹಣ ಕಟ್ಟುವವರೂ ಇಲ್ಲ. ಭವಿಷ್ಯ ನಿಧಿ, ಗ್ರ್ಯಾಚುಯಿಟಿ, ಹೆರಿಗೆ ರಜೆ ಇವೆಲ್ಲ ಅವನಿಗೆ ಮತ್ತು ಅವಳಿಗೆ ಪರರ ಮನೆಯ ಮಾತು.

ಬೇರೆ ದೇಶದವರು ಒಂದು ದಾರಿ ತೋರಿಸಿದ್ದಾರೆ. ನ್ಯೂಯಾರ್ಕ್ ನಗರದಲ್ಲಿ 2017ರಿಂದ, ಇಡೀ ನ್ಯೂಯಾರ್ಕ್ ರಾಜ್ಯದಲ್ಲಿ 2024ರ ಆಗಸ್ಟ್‌ನಿಂದ ಜಾರಿಯಲ್ಲಿರುವ ‘ಫ್ರೀಲಾನ್ಸ್ ಈಸ್‌ನ್ಟ್ ಫ್ರೀ’ ಎಂಬ ಕಾನೂನಿನಂತೆ 800 ಡಾಲರ್ ಅಥವಾ ಅದಕ್ಕೆ ಮೀರಿದ ಕೆಲಸಕ್ಕೆ ಲಿಖಿತ ಕರಾರು ಕಡ್ಡಾಯ. ಹಣ ಕೊಡುವ ದಿನ ಕರಾರಿನಲ್ಲಿ ಇಲ್ಲದಿದ್ದರೆ ಕೆಲಸ ಮುಗಿದ 30 ದಿನಗಳೊಳಗೆ ಕೊಡಬೇಕು. ಬರೆದುಕೊಡುವ ಹೊಣೆಯನ್ನು ಅಲ್ಲಿ ಕೆಲಸ ಕೊಡುವವನ ಮೇಲೆ ಹೊರಿಸಲಾಗಿದೆ. ಭಾರತದಲ್ಲಿ ಪರಿಹಾರಕ್ಕೆ ಅಲೆಯಬೇಕಾದವನು ದುಡಿದವನೇ. 36,000 ರೂಪಾಯಿಗಾಗಿ ಯಾರು ತಾನೇ ವರ್ಷಗಟ್ಟಲೆ ಅಲೆದಾರು? ಚುನಾವಣೆಗೆ ಬರುವ ಪ್ರತಿಯೊಂದು ಪಕ್ಷವೂ ಯುವಕರಿಗೆ ಉದ್ಯೋಗದ ಭರವಸೆ ಕೊಡುತ್ತದೆ. ಉದ್ಯೋಗವನ್ನು ತಾವೇ ಸೃಷ್ಟಿಸಿಕೊಂಡ ಈ ಯುವಕರು ಕೇಳಬೇಕಾದದ್ದು ಮಾಡಿದ ಕೆಲಸಕ್ಕೆ ಹೇಳಿದ ದಿನ ಹಣ ಬರುವಂತೆ ಮಾಡುವ ಒಂದು ಸರಳ ಕಾನೂನನ್ನು. ಆ ಪ್ರಶ್ನೆಯನ್ನು ಮತದಾರರು ಕೇಳದೆ ಯಾವ ಪಕ್ಷವೂ ತಾನಾಗಿ ಎತ್ತುವುದಿಲ್ಲ.

ಸರ್ಕಾರವನ್ನು ಪ್ರಶ್ನಿಸುವ ಸಮಾಜ ತನ್ನನ್ನೂ ಪ್ರಶ್ನಿಸಿಕೊಳ್ಳಬೇಕು. ಸಮಾಜದ ಸಂಘಗಳು, ಟ್ರಸ್ಟುಗಳು, ವಿದ್ಯಾರ್ಥಿನಿಲಯಗಳು ಜಾಲತಾಣ ಬೇಕೆಂದಾಗ ಮೊದಲು ಹೇಳುವ ಮಾತು, ‘ನಮ್ಮ ಹುಡುಗನೇ ಇದ್ದಾನಲ್ಲ, ಸೇವೆಯೆಂದು ಮಾಡಿಕೊಡುತ್ತಾನೆ’ ಎಂಬುದು. ಶಾಮಿಯಾನದವನಿಗೆ ಹಣ ಕೊಡುತ್ತಾರೆ, ಅಡುಗೆಯವರಿಗೆ ಕೊಡುತ್ತಾರೆ, ಆಮಂತ್ರಣ ಅಚ್ಚು ಹಾಕಿದವನಿಗೆ ಕೊಡುತ್ತಾರೆ. ಜಾಲತಾಣದವನಿಗೆ ಒಂದು ಶಾಲು, ಒಂದು ಫಲತಾಂಬೂಲ. ದಾನವೆಂಬುದು ಕೊಡುವವನ ಇಚ್ಛೆಯಿಂದ ಹುಟ್ಟಬೇಕು. ಹಿರಿಯರ ಮುಖ ನೋಡಿ ಇಲ್ಲವೆನ್ನಲಾರದೆ ಕೊಟ್ಟದ್ದು ದಾನವಲ್ಲ. ಶ್ರಾವಕರ ಅಹಿಂಸಾಣುವ್ರತಕ್ಕೆ ಹೇಳಿದ ಅತಿಚಾರಗಳಲ್ಲಿ ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ ಎಂಬ ಎರಡು ಇವೆ. ಮಿತಿಮೀರಿ ಹೊರೆ ಹೊರಿಸುವುದು, ಆಶ್ರಿತರ ಅನ್ನವನ್ನು ತಡೆಯುವುದು. ಎತ್ತಿನ ಬೆನ್ನಿನ ಹೊರೆಯನ್ನು ನೋಡಿ ಮರುಗುವ ಕಣ್ಣು, ನಡುರಾತ್ರಿ ಪರದೆಯ ಮುಂದೆ ಕುಳಿತವನ ಹೊರೆಯನ್ನೂ ಕಾಣಬೇಕು. ಸಂಘವು ಅವನಿಗೆ ಪೂರ್ತಿ ಹಣ ಕೊಡಲಿ. ಅನಂತರ ಅವನು ಬಯಸಿದರೆ ಅದರಲ್ಲಿ ಎಷ್ಟನ್ನಾದರೂ ಸಂಘಕ್ಕೆ ಕೊಟ್ಟು ರಸೀದಿ ಪಡೆಯಲಿ. ಆಗ ಸಂಘದ ಲೆಕ್ಕವೂ ಶುದ್ಧ, ಅವನ ದಾನವೂ ಶುದ್ಧ.

ಮನೆಯೊಳಗಿನ ಲೆಕ್ಕವೂ ಒಂದಿದೆ. ಮದುವೆಯಾಗಿ ಬಂದ ಸೊಸೆ ಇಂಜಿನಿಯರಿಂಗ್ ಓದಿರುತ್ತಾಳೆ. ಅಂಗಡಿಯ ಜಾಲತಾಣ, ಆನ್‌ಲೈನ್ ಮಾರಾಟ, ಚಿತ್ರ, ದರಪಟ್ಟಿ ಎಲ್ಲವೂ ಅವಳ ಕೈಯಲ್ಲಿಯೇ ನಡೆಯುತ್ತವೆ. ಅಂಗಡಿಯ ಲೆಕ್ಕದಲ್ಲಿ ಅವಳ ಹೆಸರಿನ ಒಂದು ಸಾಲೂ ಇರುವುದಿಲ್ಲ. ಹೊರಗಿನ ಗಿರಾಕಿಗೆ ದುಡಿದರೂ ಹಣ ಗಂಡನ ಖಾತೆಗೆ ಬೀಳುತ್ತದೆ. ಅವಳ ಪ್ಯಾನ್, ಅವಳ ಬ್ಯಾಂಕ್ ಖಾತೆ, ಅವಳ ಉದ್ಯಮ್ ನೋಂದಣಿ, ಅವಳ ರಿಟರ್ನ್ ಅವಳ ಹೆಸರಿನಲ್ಲಿಯೇ ಇರಬೇಕು. ಅವಳು ನಾಳೆ ಸಾಲ ಕೇಳಿದರೆ ಬ್ಯಾಂಕು ನೋಡುವುದು ಆ ಕಾಗದಗಳನ್ನೇ. ಹೆಣ್ಣು ನೋಡಲು ಹೋದ ಹುಡುಗನಿಗೂ ಇದೇ ಮಾತು. ‘ಸಂಬಳದ ಚೀಟಿ ಇಲ್ಲವೇ?’ ಎಂದು ಮೂಗು ಮುರಿಯುವ ಬೀಗರು ಮೂರು ವರ್ಷದ ರಿಟರ್ನ್ ಕೇಳಿ ನೋಡಲಿ. ಸಂಬಳದ ಚೀಟಿಗಿಂತ ಹೆಚ್ಚಿನ ಮಾತು ಅದರಲ್ಲಿರುತ್ತದೆ.

ಕೊನೆಯದಾಗಿ, ಇಲ್ಲಿಂದ ಹೊರಡುವ ತರುಣ ತರುಣಿಯರು ಮುಂದಿನ ಕೆಲಸಕ್ಕೆ ಮುನ್ನ ಒಂದು ಹಾಳೆಯಲ್ಲಿ ಎಂಟು ಸಾಲು ಬರೆಯಲಿ. ಒಂದು, ಎಷ್ಟು ಪುಟ, ಯಾವ ಯಾವ ಸೌಲಭ್ಯ. ಎರಡು, ಎಷ್ಟು ಬಾರಿ ತಿದ್ದುಪಡಿ ಉಚಿತ, ಆಮೇಲೆ ತಾಸಿಗೆಷ್ಟು. ಮೂರು, ಬರಹ ಮತ್ತು ಚಿತ್ರಗಳನ್ನು ಗಿರಾಕಿ ಯಾವ ದಿನದೊಳಗೆ ಕೊಡಬೇಕು. ನಾಲ್ಕು, ಒಟ್ಟು ಹಣ ಎಷ್ಟು, ಮುಂಗಡ ಎಷ್ಟು, ನಡುವೆ ಎಷ್ಟು, ಕೊನೆಗೆ ಎಷ್ಟು, ಯಾವ ಯಾವ ದಿನ. ಐದು, ತಡವಾದರೆ ಏನು. ಆರು, ಡೊಮೇನ್ ಮತ್ತು ಹೋಸ್ಟಿಂಗ್ ಯಾರ ಹೆಸರಿನಲ್ಲಿ, ನವೀಕರಣದ ಹಣ ಯಾರದು. ಏಳು, ಕೋಡಿನ ಹಕ್ಕು ಯಾರಿಗೆ, ಎಂದಿನಿಂದ. ಪೂರ್ತಿ ಹಣ ಸಂದ ಮೇಲೆ ಎಂಬುದು ನ್ಯಾಯವಾದ ಉತ್ತರ. ಎಂಟು, ನಡುವೆ ಬಿಟ್ಟುಹೋದರೆ ಮಾಡಿದಷ್ಟಕ್ಕೆ ಲೆಕ್ಕ ಹೇಗೆ. ಕೆಳಗೆ ಇಬ್ಬರ ಸಹಿ. ಗಿರಾಕಿ ಸೋದರಮಾವನಾದರೂ ಸಹಿ ಇರಲಿ. ಬರೆದ ಕಾಗದ ಸಂಬಂಧವನ್ನು ಕೆಡಿಸುವುದಿಲ್ಲ. ಬರೆಯದೆ ಬಿಟ್ಟ ಮಾತೇ ಹೆಚ್ಚು ಸಂಬಂಧಗಳನ್ನು ಕೆಡಿಸಿರುವುದು.

ಹನ್ನೆರಡು ಶತಮಾನಗಳ ಹಿಂದೆ ಈ ನದಿಯ ದಡದ ದೊರೆಯೊಬ್ಬನು ತನ್ನ ಕೊಡುಗೆಯನ್ನು ತಾಮ್ರದ ಮೇಲೆ ಬರೆಯಿಸಿಟ್ಟನು. ಅದು ಬರೆದಿಟ್ಟದ್ದರಿಂದಲೇ ಇಂದಿಗೂ ಯಾರು ಯಾರಿಗೆ ಏನನ್ನು ಕೊಟ್ಟರೆಂಬುದು ತಿಳಿದಿದೆ. ಇಂದು ತಾಮ್ರ ಬೇಕಿಲ್ಲ, ಒಂದು ಹಾಳೆ ಸಾಕು. ಈ ಸಭೆಯಲ್ಲಿರುವ ಸಂಘಗಳ ಪದಾಧಿಕಾರಿಗಳು ತಮ್ಮ ಸಂಸ್ಥೆಯ ಜಾಲತಾಣ ಮಾಡಿಕೊಟ್ಟವರಿಗೆ ಬಾಕಿ ಏನಾದರೂ ಉಳಿದಿದೆಯೇ ಎಂಬುದನ್ನು ಊರಿಗೆ ಮರಳಿದ ಮೊದಲ ದಿನವೇ ಕಡತ ತೆರೆದು ನೋಡುವುದಾದರೆ, ಇಂದಿನ ಈ ಮಾತು ಸಾರ್ಥಕವಾದೀತು.